ಸಂತೆಯ ಮೂರನೆಯ ದಿನ

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೆ ಬಸವಣ್ಣೆಮ್ಮನ ಖಾನಾವಳಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಅಲ್ಲಿ ಅರ್ಧ ತಾಸು ನಿಲ್ಲುತ್ತಿತ್ತು. ಇಳಿದವರು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಒಳಗೆ ಬರುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದವಳು ಸೊಸೆ ಗುರುಲಿಂಗಮ್ಮ. ವಯಸ್ಸು ಮೂವತ್ನಾಲ್ಕು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆ ಪಲ್ಯ, ಚಟ್ನಿಹಿಂಡಿ, ಸಾರು ನೋಡಿಕೊಂಡರೆ ಸೊಸೆ ಒಲೆಯ ಮುಂದೆ ಕೂರುತ್ತಿದ್ದಳು. ನೀರು ತರುವುದಕ್ಕೂ ತಾಟು ತೊಳೆಯುವುದಕ್ಕೂ ಗದ್ದೆಮ್ಮ ಬರುತ್ತಿದ್ದಳು. ಬರೀ ದಿನಗಳಲ್ಲಿ ಮೂವತ್ತು ರೊಟ್ಟಿ ಸಾಕಾಗುತ್ತಿತ್ತು. ಮಂಗಳವಾರ ಸಂತೆ, ಅಂದು ನೂರೈವತ್ತು ಬೇಕು. ಸುತ್ತಲಿನ ಹಳ್ಳಿಯ ಒಕ್ಕಲಿಗರು ಐವತ್ತು ಮಂದಿಯಾದರೂ ಉಣ್ಣಲು ಬರುವರು, ತಲೆಗೆ ಮೂರು ರೊಟ್ಟಿ. ಬಸವಣ್ಣೆಮ್ಮನ ಗಂಡ ಬದುಕಿದ್ದಾಗ ಹಾಕಿದ ಕಟ್ಟು ಒಂದಿತ್ತು: ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬೀಳಬೇಕು, ಆರಿದ ರೊಟ್ಟಿ ಈ ಮನೆಯಲ್ಲಿ ಯಾರಿಗೂ ಬಡಿಸಬಾರದು. ಆ ಕಟ್ಟನ್ನು ಇಬ್ಬರು ಹೆಂಗಸರೂ ಒಂದು ದಿನವೂ ಮುರಿದಿರಲಿಲ್ಲ.

೧೯೫೦ರ ಮಳೆಗಾಲದಲ್ಲಿ ಮಸ್ಕಿಗೆ ಒಂದು ಜ್ವರ ಬಂತು. ಕಣ್ಣಗುಡ್ಡೆಯ ಹಿಂದೆ ನೋವು, ಕೀಲುಕೀಲಿನಲ್ಲಿ ನೋವು, ನಾಲ್ಕು ದಿನ ಮೈ ಕೆಂಡ. ಓಣಿಗೆ ಹತ್ತು ಮಂದಿ ಮಲಗಿದರು, ಎಲ್ಲರೂ ಎದ್ದರು. ಗುರುಲಿಂಗಮ್ಮನೂ ಹದಿನೈದನೆಯ ದಿನ ಎದ್ದು ಒಲೆ ಹಚ್ಚಿದಳು. ಮೊದಲಿನ ಬಲ ಮಾತ್ರ ಮರಳಿ ಬರಲಿಲ್ಲ. ಸ್ವಲ್ಪ ದಿನಕ್ಕೆ ಸರಿಹೋದೀತು ಎಂದು ಎಲ್ಲರೂ ಅಂದರು, ಅವಳೂ ಅಂದುಕೊಂಡಳು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಮರುವರ್ಷದ ಮುಂಗಾರೂ ಹೋಯಿತು.

ವಾರದಲ್ಲಿ ನಾಲ್ಕೈದು ದಿನ ಅವಳು ಹೇಗೋ ನಡೆಯುತ್ತಿದ್ದಳು. ಗುರುವಾರ ಬಂತೆಂದರೆ ಬೀಳುತ್ತಿದ್ದಳು. ಬೀಳುವುದು ಎಂದರೆ ಮೂರ್ಛೆಯಲ್ಲ. ಎಚ್ಚರವಿರುತ್ತಿತ್ತು, ಆದರೆ ಕೈಕಾಲು ನೆನೆದ ಕೌದಿಯಂತೆ ಏಳುತ್ತಿರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಗಂಟಲು ಬಾಯುತ್ತಿತ್ತು. ಉಪ್ಪು ಎನ್ನಬೇಕಾದ ಕಡೆ ಉಪ್ಪು ಎಂಬ ಮಾತೇ ನೆನಪಿಗೆ ಬರುತ್ತಿರಲಿಲ್ಲ. ಶುಕ್ರವಾರ ಪೂರ್ತಿ ಹಾಗೇ ಬಿದ್ದಿದ್ದು ಶನಿವಾರ ಗೋಡೆ ಹಿಡಿದು ಏಳುವಳು. ಆ ಎರಡು ದಿನ ಎಪ್ಪತ್ತರ ಹತ್ತಿರದ ಅತ್ತೆಯೇ ರೊಟ್ಟಿ ಬಡಿಯಬೇಕಾಗುತ್ತಿತ್ತು. ಬಸ್ಸಿನವರು ಕಾದು ಕಾದು ಉಣ್ಣದೆ ಹೋಗುತ್ತಿದ್ದರು.

ಖಾನಾವಳಿಯ ಹಿಂದೆ, ಒಂದು ಗೋಡೆ ದಾಟಿದರೆ, ಸಣ್ಣದೊಂದು ದರ್ಗಾ ಇತ್ತು. ಗುರುವಾರ ಸಂಜೆ ಅಲ್ಲಿ ಲೋಬಾನ ಹಾಕುತ್ತಿದ್ದರು. ಹೊಗೆ ಗೋಡೆ ಹತ್ತಿ ಅಡುಗೆಮನೆಗೆ ಇಳಿಯುತ್ತಿತ್ತು. ಲೋಬಾನದ ಹೊಗೆಗೆ ಮೈಯೊಳಗಿನ ಗಾಳಿ ತಡೆಯಲಾರದೆ ಎದ್ದು ಕುಣಿಯುತ್ತದೆ ಎಂಬುದು ಆ ಓಣಿಯಲ್ಲಿ ಲಿಂಗ ಕಟ್ಟಿದವರೂ ನಮಾಜು ಮಾಡುವವರೂ ಸಮನಾಗಿ ನಂಬಿದ್ದ ಮಾತು. ಗುರುಲಿಂಗಮ್ಮನ ಲಕ್ಷಣಕ್ಕೆ ಅದು ಅಳತೆ ತೆಗೆದುಕೊಂಡು ಹೊಲಿದಂತೆ ಕೂತಿತು. ಗುರುವಾರವೇ ಬೀಳುತ್ತಾಳೆ, ಜ್ವರದಲ್ಲಿ ಮೈ ಹಗುರಾದಾಗ ಗಾಳಿ ಸೋಕಿದೆ. ಬಸವಣ್ಣೆಮ್ಮ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದಳು, ಮಠದಿಂದ ದಾರ ತಂದು ಕಟ್ಟಿದಳು, ಗುರುವಾರ ಸಂಜೆಗೆ ಸಾಸಿವೆ, ಬೇವಿನ ಎಲೆ ಇಟ್ಟುಕೊಂಡು ಸೊಸೆಯ ತಲೆದೆಸೆಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡಳು. ಸೊಸೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗಾಳಿಯ ಮೇಲಿತ್ತು.

ಗದ್ದೆಮ್ಮನಿಗೆ ಗಾಳಿಯ ಮೇಲೂ ನಂಬಿಕೆ ಇರಲಿಲ್ಲ. ತಾಟು ತೊಳೆಯುತ್ತ ತನ್ನಷ್ಟಕ್ಕೆ ಎಂಬಂತೆ, ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದಳು:

"ಅದ ಜ್ವರ ನನಗೂ ಬಂದಿತ್ತು. ಹತ್ತ ದಿನಕ್ಕ ಎದ್ದು ಕೊಡ ಹೊತ್ತೆ. ನಮ್ಮಂಥೋರಿಗೆ ಜ್ವರಾನೂ ಪುರುಸೊತ್ತು ಕೊಡಾಂಗಿಲ್ಲ ನೋಡ್ರಿ."

ತಾನು ಮೈಗಳ್ಳಿಯೇ ಇರಬಹುದೇನೋ ಎಂದು ಗುರುಲಿಂಗಮ್ಮನಿಗೂ ಅನ್ನಿಸಿತ್ತು. ಅದಕ್ಕೇ ಶನಿವಾರ ಎದ್ದ ಕೂಡಲೇ ಎರಡು ದಿನದ ಕೆಲಸವನ್ನು ಒಂದೇ ದಿನಕ್ಕೆ ಮಾಡಿ ತೀರಿಸಲು ಹೋಗುತ್ತಿದ್ದಳು.

ಗಾಳಿಯ ಸುದ್ದಿ ಬಸ್ಸು ಹತ್ತಿ ಸಿಂಧನೂರಿಗೂ ಹೋಯಿತು. ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಬಸವಣ್ಣೆಮ್ಮನ ಹಿರಿಯ ಮಗ ಕರಿಬಸಯ್ಯ, ಗುರುಲಿಂಗಮ್ಮನ ಭಾವ, ಒಂದು ಮಧ್ಯಾಹ್ನ ಬಂದಿಳಿದ. ಕೆಟ್ಟ ಮನುಷ್ಯನಲ್ಲ. ವರ್ಷಕ್ಕೆರಡು ಸಲ ತಾಯಿಗೂ ತಮ್ಮನ ಹೆಂಡತಿಗೂ ಸೀರೆ ಕಳಿಸುವವನು. ತಾಯಿ ನಡು ಹಿಡಿದುಕೊಂಡು ಒಲೆಯ ಮುಂದೆ ಕೂತಿದ್ದನ್ನೂ ತಮ್ಮನ ಹೆಂಡತಿ ಕತ್ತಲ ಕೋಣೆಯಲ್ಲಿ ಮಲಗಿದ್ದನ್ನೂ ನೋಡಿ ತಾಯಿಯನ್ನು ಪಡಸಾಲೆಗೆ ಕರೆದು ಕೂರಿಸಿಕೊಂಡ. ಆಮೇಲೆ ಹೇಳಿದ:

"ಯವ್ವಾ, ನಾ ಆಕಿನ್ನ ಬೈಯಾಕ ಬಂದಿಲ್ಲ. ಬಸವ ಜಯಂತಿ ಆತಂದ್ರ ಒಲಿ ಆರಸ್ರಿ. ಆಕಿ ಸಾಲಗುಂದಕ್ಕ ಹೋಗ್ಲಿ, ಅಣ್ಣನ ಮನ್ಯಾಗ ಆರಾಮ ಆಗ್ಲಿ. ನೀ ನನ್ನ ಕೂಡ ಸಿಂಧನೂರಿಗೆ ಬಾ."

ಗೋಡೆಯಾಚೆ ಮಲಗಿದ್ದ ಗುರುಲಿಂಗಮ್ಮ ಅದನ್ನು ಕೇಳಿಸಿಕೊಂಡಳು. ಸಾಲಗುಂದದಲ್ಲಿ ಅಣ್ಣನಿದ್ದ, ಅತ್ತಿಗೆಯಿದ್ದಳು, ಅವರಿಗೆ ಆರು ಮಕ್ಕಳಿದ್ದರು. ಅಲ್ಲಿ ಒಂದು ವಾರ ಅವಳು ತಂಗಿ. ಎರಡನೆಯ ವಾರದಿಂದ ಮೂಲೆಯಲ್ಲಿ ಮಲಗಿದ ಹೆಂಗಸು. ಇಲ್ಲಿ ಒಲೆ ಅವಳದಾಗಿತ್ತು. ಬಸ್ಸಿನ ಡ್ರೈವರನಿಗೆ ಅಂಚು ಕಂದಿದ ರೊಟ್ಟಿ ಬೇಕು, ಊರಿನ ಲೆಕ್ಕ ಬರೆಯುವ ಪಟವಾರಿಗೆ ಮೆತ್ತಗಿನದು ಬೇಕು ಎಂಬುದು ಅವಳಿಗಲ್ಲದೆ ಅತ್ತೆಗೂ ತಿಳಿದಿರಲಿಲ್ಲ. ಬಸವ ಜಯಂತಿಯ ಒಳಗೆ ತನ್ನ ಮೈಗೆ ಏನಾಗಿದೆ ಎಂದು ತಿಳಿಯದೆ ಹೋದರೆ ಆ ಒಲೆ ಹೋಯಿತು. ಅಷ್ಟು ಅವಳಿಗೆ ಸ್ಪಷ್ಟವಿತ್ತು.

ಮೊದಲು ಅವಳು ಮಾಡಿದ್ದು ದವಾಖಾನೆಗೆ ಹೋದದ್ದು. ಮಸ್ಕಿಯ ಸಣ್ಣ ದವಾಖಾನೆಯಲ್ಲಿ ಜಿಲಾನಿಸಾಬ್ ಎಂಬ ಕಂಪೌಂಡರ್ ಇದ್ದ. ಐವತ್ತು ದಾಟಿದವನು, ದಖನಿಯಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುವವನು. ಔಷಧದ ಬಾಟಲಿಗೆ ಅಂಟಿಸುವ ಗುರುತಿನ ಚೀಟಿ ಒಂದು ಗೆರೆ ಸೊಟ್ಟಾದರೂ ಕಿತ್ತು ಮತ್ತೆ ಅಂಟಿಸುವಂಥವನು. ಅವನೇ ಒಂದು ಶನಿವಾರ ಅತ್ತೆ ಸೊಸೆ ಇಬ್ಬರನ್ನೂ ಬಸ್ಸಿನಲ್ಲಿ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದ. ಬೆರಳಿಗೆ ಚುಚ್ಚಿ ರಕ್ತ ತೆಗೆದು ಗಾಜಿನ ಮೇಲೆ ನೋಡಿದರು, ಮಲೇರಿಯಾ ಇಲ್ಲ. ಎದೆಗೆ ನಳಿಗೆ ಹಚ್ಚಿ ಕೇಳಿದರು, ಕಫ ನೋಡಿದರು; ಕ್ಷಯ ಇಲ್ಲ. ಕಣ್ಣು ಹಳದಿಯಾಗಿಲ್ಲ, ಕಾಮಣಿ ಇಲ್ಲ. ಡಾಕ್ಟರು ಬಲಕ್ಕೆಂದು ಒಂದು ಕಹಿ ಔಷಧ ಬರೆದುಕೊಟ್ಟು, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಸೋಮವಾರ ಬೆಳಿಗ್ಗೆ ಗುರುಲಿಂಗಮ್ಮ ಬಿದ್ದಳು. ಔಷಧ ಒಗ್ಗಲಿಲ್ಲ ಎಂದು ಬಸವಣ್ಣೆಮ್ಮ ಬಾಟಲಿಯನ್ನು ತಿಪ್ಪೆಗೆ ಸುರಿದಳು. ಸೋಮವಾರ ಬಿದ್ದಳಲ್ಲ ಎಂಬುದರ ಕಡೆಗೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಆ ವರ್ಷ ದೇಶದ ಮೊದಲ ಮಹಾ ಚುನಾವಣೆ. ಮತದ ಪೆಟ್ಟಿಗೆಗಳ ಕಾವಲಿಗೆ ಪೊಲೀಸರೆಲ್ಲ ಬೇಕಾಗಿದ್ದರು. ಸಂತೆಯ ಗದ್ದಲಕ್ಕೆ ಜನ ಸಾಲದೆಂದು ಆ ವಾರದ ಮಸ್ಕಿ ಸಂತೆಯನ್ನು ಮಂಗಳವಾರದ ಬದಲು ಶುಕ್ರವಾರಕ್ಕೆ ಹಾಕಿದ್ದಾರೆಂದು ಡಂಗುರ ಸಾರಿಹೋದರು. ಬಸವಣ್ಣೆಮ್ಮ ಗೊಣಗಿದಳು. ನೆನೆಸಿಟ್ಟಿದ್ದ ಹೆಸರುಕಾಳನ್ನು ಏನು ಮಾಡುವುದು ಎಂಬುದೇ ಅವಳ ಚಿಂತೆ.

ಮಂಗಳವಾರ ಗುರುಲಿಂಗಮ್ಮ ಮೂವತ್ತು ರೊಟ್ಟಿ ಬಡಿದಳು. ಬುಧವಾರವೂ ಮೂವತ್ತು. ಗುರುವಾರ ಸಂಜೆ ಎಂದಿನಂತೆ ಗೋಡೆ ಹತ್ತಿ ಲೋಬಾನದ ಹೊಗೆ ಬಂತು. ಬಸವಣ್ಣೆಮ್ಮ ಸಾಸಿವೆ ಹಿಡಿದು ಸೊಸೆಯ ಮುಖವನ್ನೇ ನೋಡುತ್ತ ಕೂತಳು. ಸೊಸೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೊಗೆ ತೆಳುವಾಯಿತು, ಹೋಯಿತು. ಬೆಳ್ಳುಳ್ಳಿ ಮುಗಿಯಿತು. ಏನೂ ಆಗಲಿಲ್ಲ. ಮುದುಕಿಯ ಕಣ್ಣು ತುಂಬಿತು. ದಾರದ ಗುಣವೋ ಸಕ್ಕರೆಯ ಗುಣವೋ, ಗಾಳಿ ಬಿಟ್ಟಿತು ಎಂದು ಎದ್ದು ಎರಡೂ ಕಡೆಗೆ ಕೈ ಮುಗಿದಳು.

ಶುಕ್ರವಾರ ಸಂತೆ ಕೂಡಿತು. ನೂರೈವತ್ತು ರೊಟ್ಟಿ. ಗುರುಲಿಂಗಮ್ಮ ಹುಮ್ಮಸ್ಸಿನಲ್ಲಿ ನೂರ ಅರವತ್ತು ಬಡಿದಳು. ಶನಿವಾರ ಸ್ವಲ್ಪ ಭಾರ ಅನ್ನಿಸಿದರೂ ಓಡಾಡಿದಳು. ಭಾನುವಾರ ಬೆಳಗಿನ ಹೊತ್ತು ಎಚ್ಚರವಾದಾಗ ಕೈ ಎತ್ತಲು ಹೋದಳು. ಕೈ ಏಳಲಿಲ್ಲ.

ಬಸವಣ್ಣೆಮ್ಮ ಗೋಡೆಗೆ ತಲೆ ಹಚ್ಚಿ ಕೂತುಬಿಟ್ಟಳು. ಗಾಳಿ ದಿನ ಬದಲಿಸಿದೆ, ಇದು ಜಾಣ ಗಾಳಿ ಎಂದಳು. ಗುರುಲಿಂಗಮ್ಮ ಕಣ್ಣಿನ ಮೇಲೆ ಸೆರಗು ಹಾಕಿಕೊಂಡು ಮಲಗಿದ್ದಳು. ತಲೆಯೊಳಗೆ ಮಂಜು ಕವಿದಿತ್ತು. ಒಂದು ಯೋಚನೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಕೆಸರಿನಲ್ಲಿ ಹೆಜ್ಜೆ ಕೀಳುವ ಹಾಗೆ. ಆದರೂ ಮಲಗಿದ್ದಲ್ಲೇ ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಸರಿಸುತ್ತ ಹೋದಳು. ಮಂಗಳವಾರ ಸಂತೆಯಾದರೆ ಗುರುವಾರ. ಶುಕ್ರವಾರ ಸಂತೆಯಾದರೆ ಭಾನುವಾರ. ಎರಡೂ ಮೂರನೆಯ ದಿನ. ಆಗ ಲಿಂಗಸುಗೂರಿನ ಬಸ್ಸು ನೆನಪಾಯಿತು. ಶನಿವಾರ ಕುಲುಕಾಡಿಕೊಂಡು ಹೋಗಿಬಂದದ್ದು, ಸೋಮವಾರ ಬಿದ್ದದ್ದು. ಅದೂ ಮೂರನೆಯ ದಿನ. ಅಂದು ಸಂತೆಯೂ ಇರಲಿಲ್ಲ, ಲೋಬಾನವೂ ಇರಲಿಲ್ಲ.

ಅವಳಿಗೆ ತವರಿನ ಬಾವಿ ಕಣ್ಣಿಗೆ ಬಂತು. ಸಾಲಗುಂದದ ಆ ಬಾವಿಯ ಸೆಲೆ ಬಡವು. ಹಗಲೆಲ್ಲ ಎತ್ತು ಕಟ್ಟಿ ಕಪಿಲೆ ಹೊಡೆದರೂ ಅಂದು ನೀರು ಬರುತ್ತಲೇ ಇರುತ್ತಿತ್ತು. ಗೊತ್ತಾಗುತ್ತಿದ್ದದ್ದು ಮರುದಿನ, ಚರ್ಮದ ಚೀಲ ಕೆಸರು ಹೊತ್ತು ಮೇಲೆ ಬಂದಾಗ. ಆಮೇಲೆ ಎರಡು ದಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ಅವಳ ಅಪ್ಪ ಬಾವಿಯ ಕಲ್ಲಿಗೆ ಒಂದು ಗುರುತು ಕೊರೆದಿದ್ದ. ನೀರು ಆ ಗುರುತಿಗೆ ಇಳಿದ ಕೂಡಲೇ, ಹೊತ್ತು ಎಷ್ಟೇ ಇರಲಿ, ಎತ್ತು ಬಿಚ್ಚುತ್ತಿದ್ದ. ಇನ್ನೂ ನೀರಿದೆಯಲ್ಲ ಎಂದು ನೆರೆಯವರು ನಗುತ್ತಿದ್ದರು. ಅಪ್ಪನ ಮೆಣಸಿನ ಮಡಿ ಮಾತ್ರ ಬೇಸಿಗೆ ಪೂರ್ತಿ ಹಸಿರಾಗಿರುತ್ತಿತ್ತು.

ಮಂಗಳವಾರದ ಸಂತೆ ಅವಳಿಲ್ಲದೆಯೇ ದಾಟಿತು. ಬುಧವಾರ ಕೂರಲು ಆದಾಗ ಅವಳು ಜಿಲಾನಿಸಾಬನನ್ನು ಕರೆಸಿ ಇದನ್ನೆಲ್ಲ ಹೇಳಿದಳು. ಅವನು ನಗಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು ಔಷಧದ ಚೀಟಿಯ ಹಿಂಬದಿಗೆ ಮೂರು ವಾರ, ಮೂರು ದಿನ ಬರೆದುಕೊಂಡ.

"ಅವ್ವಾರ, ಮೂರು ಸಲ ಹಂಗಾತು ಅಂದ್ರ ನಂಬಾಕ ಬರಂಗಿಲ್ಲ. ನಾಕನೇ ಸಲ ನೀವ ಮಾಡಿ ನೋಡ್ರಿ. ಬರೋ ಸಂತಿಗೆ ರೊಟ್ಟಿ ಕಮ್ಮಿ ಬಡೀರಿ. ಗುರುವಾರ ನಾ ಬಂದು ಜ್ವರ ನೋಡ್ತೀನಿ."

ಬಿದ್ದ ದಿನಗಳಲ್ಲಿ ಅವನ ಜ್ವರದ ಕಡ್ಡಿ ತೊಂಬತ್ತೊಂಬತ್ತರ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಅಷ್ಟಕ್ಕೆ ಯಾರೂ ಜ್ವರ ಅನ್ನುವುದಿಲ್ಲ. ಆದರೆ ಉಳಿದ ದಿನಗಳಲ್ಲಿ ಅದು ಅಷ್ಟಕ್ಕೂ ಏರುತ್ತಿರಲಿಲ್ಲ ಎಂಬುದನ್ನು ಅವನು ಗುರುತಿಸಿಟ್ಟುಕೊಂಡಿದ್ದ.

ನಾಲ್ಕನೆಯ ಸಲದ ಪರೀಕ್ಷೆ ಕೆಟ್ಟಿತು. ಕೆಡಿಸಿದ್ದು ಗುರುಲಿಂಗಮ್ಮನೇ. ಸಂತೆಯ ದಿನ ಗದ್ದೆಮ್ಮನ ಅಕ್ಕನನ್ನು ರೊಟ್ಟಿ ಬಡಿಯಲು ಕರೆದಿದ್ದರು. ಗುರುಲಿಂಗಮ್ಮ ನಲವತ್ತು ರೊಟ್ಟಿಗೇ ಎದ್ದಳು, ಮೈ ಹಗುರವಾಗಿತ್ತು. ಬುಧವಾರ ಇನ್ನೂ ಹಗುರವಾಗಿತ್ತು. ಒಂದೂವರೆ ವರ್ಷದ ಮೇಲೆ ಅಂಥದೊಂದು ಬೆಳಗು ಬಂದದ್ದಕ್ಕೆ ಸಂತೋಷಪಟ್ಟು ಅಡುಗೆಮನೆಯ ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು, ಎಲ್ಲ ಹಾಸಿಗೆಯ ಕೌದಿಗಳನ್ನು ಹಳ್ಳಕ್ಕೆ ಒಯ್ದು ಒಗೆದು ತಂದಳು. ಗುರುವಾರ ಜಿಲಾನಿಸಾಬ್ ಬಂದಾಗ ಅವಳು ಎದ್ದು ಓಡಾಡುತ್ತಿದ್ದಳು. ಶುಕ್ರವಾರ ಮಲಗಿದವಳು ನಾಲ್ಕು ದಿನ ಏಳಲಿಲ್ಲ.

"ಕೌದಿ ಒಗಿ ಅಂತ ಗಾಳಿ ಹೇಳಿತ್ತೇನು?" ಎಂದು ಕೇಳಿದ ಜಿಲಾನಿಸಾಬ್, ಕಡ್ಡಿಯನ್ನು ಜಾಡಿಸುತ್ತ.

ಅವಳಿಗೆ ಅಳು ಬಂದಿತ್ತು, ಆದರೂ ನಕ್ಕಳು. ಆಮೇಲೆ ಎಣಿಸಿದಳು. ಬುಧವಾರ ಕೌದಿ, ಶುಕ್ರವಾರ ಮೂರನೆಯ ದಿನ. ಕೆಟ್ಟ ಪರೀಕ್ಷೆಯೂ ಅದನ್ನೇ ಹೇಳಿತ್ತು. ಹಗುರ ಅನ್ನಿಸಿದ ದಿನವೇ ಅವಳು ಬಾವಿಯ ತಳ ಕೆರೆಯುತ್ತಿದ್ದಳು.

ಜಿಲಾನಿಸಾಬ್ ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಲಿಂಗಸುಗೂರಿನ ಡಾಕ್ಟರಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ಎಂಟು ದಿನದ ಮೇಲೆ ಉತ್ತರ ಬಂತು, ಉರ್ದುವಿನಲ್ಲಿ. ಅವನು ಖಾನಾವಳಿಯ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಓದಿ ಹೇಳಿದ. ಡಾಕ್ಟರು ಬರೆದದ್ದು ಹೀಗಿತ್ತು: ತಾವು ವೈದ್ಯ ಕಲಿಯುವಾಗ ಹಿರಿಯ ವೈದ್ಯರೊಬ್ಬರು ಇಂಥ ರೋಗಿಗಳ ಮಾತು ಹೇಳುತ್ತಿದ್ದರು. ಮೊದಲ ಮಹಾಯುದ್ಧ ಮುಗಿಯುವಾಗ ಬಂದ ದೊಡ್ಡ ಇನ್‌ಫ್ಲುಯೆಂಜಾದಲ್ಲಿ ಬದುಕಿ ಉಳಿದವರಲ್ಲಿ ಕೆಲವರು ವರ್ಷಗಟ್ಟಲೆ ಮೊದಲಿನಂತಾಗಲಿಲ್ಲವಂತೆ. ಇಂಥ ಜ್ವರಗಳ ವಿಷಬೀಜಕ್ಕೆ ವೈರಸ್ ಎನ್ನುತ್ತಾರೆ. ತಮ್ಮ ದವಾಖಾನೆಯ ಗಾಜಿನಲ್ಲಿ ಅದು ಕಾಣುವುದಿಲ್ಲ, ಅಷ್ಟು ಸಣ್ಣದು. ಜ್ವರ ಹೋದ ಮೇಲೂ ಆ ಬೀಜ ಮೈಯಲ್ಲಿ ಎಲ್ಲಾದರೂ ಅಡಗಿ ಕೂತಿದೆಯೋ, ಇಲ್ಲ ಅದು ಹೋಗಿ ಅದು ಮಾಡಿದ ಹಾನಿಯಷ್ಟೇ ಉಳಿದಿದೆಯೋ ತಮಗೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಬರೆಯಲಾರರು. ಇದಕ್ಕೆ ಔಷಧ ತಮ್ಮಲ್ಲಿಲ್ಲ. ಆದರೆ ರೋಗಿ ಹಿಡಿದ ಲೆಕ್ಕ ಸರಿ ಕಾಣುತ್ತದೆ, ಅದನ್ನು ಬಿಡಬಾರದು. ಕೆಲವರು ನಿಧಾನಕ್ಕೆ ಸುಧಾರಿಸಿದ್ದೂ ಉಂಟು.

ಬಸವಣ್ಣೆಮ್ಮ ಪೂರ್ತಿ ಕೇಳಿಸಿಕೊಂಡು, "ಒಳಗ ಕುಂತೈತಿ ಅಂತ ಡಾಕ್ಟರೂ ಅಂದ. ನಾ ಏನು ಬ್ಯಾರೆ ಅಂದಿದ್ದೆ?" ಎಂದಳು.

"ನೀ ಅದನ್ನ ಬಿಡಸಾಕ ಹೊಂಟಿದ್ದಿ, ಅತ್ತಿ. ನಾ ಅದರ ಕೂಡ ಬಾಳೇ ಮಾಡಾಕ ಹೊಂಟೀನಿ" ಎಂದಳು ಗುರುಲಿಂಗಮ್ಮ.

ಬಾಳುವೆ ಮಾಡುವುದು ಹೇಗೆ ಎಂಬುದು ಉಳಿದಿತ್ತು. ಮುಂದಿನ ವಾರಗಳಲ್ಲಿ ಅವಳು ತನ್ನ ಬಾವಿಯ ಗುರುತನ್ನು ಹುಡುಕಿದಳು. ದಿನಕ್ಕೆ ಅರವತ್ತು ರೊಟ್ಟಿ ಬಡಿದರೆ ಮೂರನೆಯ ದಿನ ಗಂಟಲು ಬಾಯುತ್ತಿತ್ತು. ಐವತ್ತಾದರೆ ಇಲ್ಲ, ಆದರೆ ಇಪ್ಪತ್ತೈದಕ್ಕೆ ಒಮ್ಮೆ ಎದ್ದು ಅರ್ಧ ತಾಸು ಕಣ್ಣು ಮುಚ್ಚಿ ಅಂಗಾತ ಮಲಗಬೇಕು. ಐವತ್ತು, ಅದರ ಮೇಲೆ ಒಂದೂ ಇಲ್ಲ. ಸಂತೆಗೆ ಬೇಕಾದದ್ದು ನೂರೈವತ್ತು. ಗದ್ದೆಮ್ಮನ ಅಕ್ಕನ ರೊಟ್ಟಿಗೆ ಸಂತೆಯವರು ಮೂಗು ಮುರಿದಿದ್ದರು. ಅವಳಿಗೂ ಮತ್ತೆ ಬರುವ ಮನಸ್ಸಿರಲಿಲ್ಲ. ಬಸವ ಜಯಂತಿಗೆ ಐದು ಸಂತೆ ಉಳಿದಿದ್ದವು.

ದಾರಿ ಹೊಳೆದದ್ದು ಕೌದಿ ಒಗೆದ ಹಳ್ಳದಲ್ಲಿ ಅಲ್ಲ, ಡಾಕ್ಟರ ಕಾಗದದಲ್ಲೂ ಅಲ್ಲ, ಒಬ್ಬ ಗಾಡಿಯವನ ಬುತ್ತಿಯಲ್ಲಿ. ಜವಳಗೇರಾದ ಕಡೆಯವನು, ಬೇವಿನ ನೆರಳಿನಲ್ಲಿ ಎತ್ತು ಬಿಚ್ಚಿ ಗಂಟು ತೆಗೆದು ಖಡಕ್ ರೊಟ್ಟಿ ಮುರಿಯುತ್ತಿದ್ದ. ಕಟಕ್ ಎಂಬ ಆ ಸಪ್ಪಳ ಅಡುಗೆಮನೆಯವರೆಗೂ ಕೇಳಿಸಿತು. ತೆಳುವಾಗಿ ಬಡಿದು, ಬೇಯಿಸಿ, ಒಲೆಯ ಬದಿಗೆ ಆನಿಸಿ ಗರಿಗರಿಯಾಗಿ ಒಣಗಿಸಿದ ರೊಟ್ಟಿ. ಹದಿನೈದು ದಿನ ಇಟ್ಟರೂ ಕೆಡದು. ಇಲ್ಲಿಯ ಪ್ರತಿ ಮನೆಯಲ್ಲೂ ಮಾಡುತ್ತಾರೆ, ದೂರದ ಹೊಲಕ್ಕೆ, ದೂರದ ಊರಿಗೆ ಕಟ್ಟಿಕೊಂಡು ಹೋಗುತ್ತಾರೆ. ಖಾನಾವಳಿಯಲ್ಲಿ ಮಾತ್ರ ಬಡಿಸುವುದಿಲ್ಲ. ಗುರುಲಿಂಗಮ್ಮ ಹಿಟ್ಟಿನ ಕೈಯಲ್ಲೇ ಕೂತು ಲೆಕ್ಕ ಹಾಕಿದಳು. ದಿನದ ಮೂವತ್ತರ ಮೇಲೆ ಇಪ್ಪತ್ತು. ಗುರುವಾರದಿಂದ ಸೋಮವಾರಕ್ಕೆ ಐದು ದಿನ, ನೂರು ಖಡಕ್ ರೊಟ್ಟಿ. ಸಂತೆಯ ದಿನ ಐವತ್ತು ಬಿಸಿ. ಬುಧವಾರ ಬರೀ ಮೂವತ್ತು. ಯಾವ ದಿನವೂ ಗುರುತು ದಾಟುವುದಿಲ್ಲ.

ಬಸವಣ್ಣೆಮ್ಮನಿಗೆ ಗಾಳಿಯಾದರೂ ಒಪ್ಪಿಗೆಯಾಗಿತ್ತು, ಇದು ಆಗಲಿಲ್ಲ. ದುಡ್ಡು ತೆಗೆದುಕೊಂಡು ಒಣ ರೊಟ್ಟಿ ಬಡಿಸುವುದೆಂದರೆ ಗಂಡನ ಹೆಸರಿಗೆ ಮಸಿ ಬಳಿದಂತೆ ಎಂದಳು. ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಸಾರಿನ ಗಡಿಗೆ ಇಳಿಸುತ್ತ, ಗೋಡೆಗೆ ಹೇಳುವಂತೆ ಕೇಳಿದಳು:

"ಬಿಸೀವು ಐವತ್ತು ಅಂದಿ. ಉಣ್ಣಾಕ ಬರೋರು ಎಷ್ಟು ಮಂದಿ?"

"ಐವತ್ತ, ಅತ್ತಿ."

"ಹಂಗಾದ್ರ ಮೊದಲನೇದು ಎಲ್ಲಾರಿಗೂ ಬಿಸೀದ ಬೀಳಬೇಕು. ಹಂಚಿನಿಂದ ತಾಟಿಗೆ. ಆಮ್ಯಾಲಿನವು ನೀ ಏನರ ಹಾಕ್ಕೋ."

ಮೊದಲ ಸಂತೆಯಲ್ಲಿ ಗೊಣಗಿದವರಿದ್ದರು. ದಾವಲ್‌ಸಾಬ್ ಎಂಬ ದನದ ವ್ಯಾಪಾರಿ, ಕಟ್ಟೆಯ ಮೇಲೆ ಕೂತು ಉಣ್ಣುವವನು, ಎರಡನೆಯ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಹೋದ ಸಂತೆಯದೋ ಅದರ ಹಿಂದಿನದೋ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಬಸವಣ್ಣೆಮ್ಮ ಅದರ ಮೇಲೆ ಗುರೆಳ್ಳು ಹಿಂಡಿ ಹಾಕಿ ಗಟ್ಟಿ ಮೊಸರು ಸುರಿದಳು. ಅವನು ಮುರಿದು ತಿಂದ. ನಾಲ್ಕು ತಿಂದ. ಎರಡನೆಯ ಸಂತೆಗೆ ಇಬ್ಬರು ಬಿಸಿ ರೊಟ್ಟಿ ಬಿಟ್ಟು ಖಡಕ್ ಮಾತ್ರ ಕೇಳಿದರು. ತಾಟು ಒಯ್ಯಲು ಬಂದ ಗದ್ದೆಮ್ಮ ಮಾತ್ರ ಗುರುಲಿಂಗಮ್ಮ ಇಪ್ಪತ್ತೈದು ಮುಗಿಸಿ ಮಲಗಲು ಎದ್ದಾಗಲೆಲ್ಲ, ಈಗ ಮಲಗುವುದಕ್ಕೂ ಡಾಕ್ಟರ ಹುಕುಂ ಬಂದಿದೆ ಎನ್ನುತ್ತಿದ್ದಳು. ಆದರೂ ಮೂರನೆಯ ವಾರದಿಂದ ಆ ಹೊತ್ತಿಗೆ ತಾಟುಗಳನ್ನು ಸಪ್ಪಳವಾಗದಂತೆ ತೊಳೆಯತೊಡಗಿದಳು.

ಗುರುವಾರಗಳು ಬಂದವು, ಹೋದವು. ಒಂದು ಗುರುವಾರ ಮೈ ಭಾರವಾಯಿತು, ಬೀಳಲಿಲ್ಲ. ಇನ್ನೆರಡು ಗುರುವಾರ ಏನೂ ಆಗಲಿಲ್ಲ. ಜಿಲಾನಿಸಾಬನ ಕಡ್ಡಿ ಕೆಳಗೇ ನಿಂತಿತು.

ಬಸವ ಜಯಂತಿಗೆ ಮುಂಚಿನ ಸಂತೆಯ ದಿನ ಕರಿಬಸಯ್ಯ ಬಾಡಿಗೆ ಗಾಡಿ ತೆಗೆದುಕೊಂಡೇ ಬಂದ. ದೊಡ್ಡ ಪಾತ್ರೆಗಳನ್ನು, ಬೀಸುವ ಕಲ್ಲನ್ನು ಹೇರಿಕೊಂಡು ಹೋಗುವುದೆಂದು ನಿಶ್ಚಯಿಸಿಕೊಂಡಿದ್ದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ತಾಯಿ ಕಣ್ಣಿನಲ್ಲೇ ಕೂರು ಎಂದಳು. ಊಟಕ್ಕೆ ಬಂದವರ ಸಾಲಿನಲ್ಲಿ ಕೂತ. ಒಂದು ಬಿಸಿ ರೊಟ್ಟಿ ಬಿತ್ತು, ಪುಂಡಿಪಲ್ಯ ಬಿತ್ತು, ಆಮೇಲೆ ಎರಡು ಖಡಕ್. ಅವನು ತಾಯಿಯ ಮುಖ ನೋಡಿದ. ತಾಯಿ ಬೇರೆ ಕಡೆ ನೋಡುತ್ತಿದ್ದಳು.

ಜನ ಕರಗಿದ ಮೇಲೆ ಗುರುಲಿಂಗಮ್ಮ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು: ಮೂರು ದಿನದ ಲೆಕ್ಕ, ಬಸ್ಸು, ಕೌದಿ, ಐವತ್ತು ರೊಟ್ಟಿ, ತವರಿನ ಬಾವಿ. ಭಾವನ ಎದುರು ಅಷ್ಟು ಮಾತು ಅವಳು ಹಿಂದೆಂದೂ ಆಡಿರಲಿಲ್ಲ. ಕರಿಬಸಯ್ಯನಿಗೆ ವೈರಸ್ ಎಂಬುದು ತಲೆಗೆ ಹೋಗಲಿಲ್ಲ. ಬಾವಿಯ ಮಾತು ಹತ್ತಿತು, ಅವನಿಗೂ ಅಂಥದೊಂದು ಬಾವಿ ಇತ್ತು. ಆದರೂ ಅಂಗಡಿಯವನು, ಬಾಯಿಮಾತಿಗೆ ಒಪ್ಪುವವನಲ್ಲ.

"ಇವತ್ತು ಮಂಗಳವಾರ. ಗುರುವಾರ ಮಟಾ ಇರ್ತೀನಿ" ಎಂದು ಗಾಡಿಯನ್ನು ಕಳಿಸಿಬಿಟ್ಟ.

ಬುಧವಾರ ಅವಳು ಮೂವತ್ತು ರೊಟ್ಟಿ ಬಡಿದು ಮಲಗಿದಳು. ಗುರುವಾರ ಬೆಳಿಗ್ಗೆ ಕರಿಬಸಯ್ಯ ಎದ್ದು ಮೊದಲು ಕಿವಿಗೊಟ್ಟದ್ದು ಅಡುಗೆಮನೆಗೆ. ರೊಟ್ಟಿ ಬಡಿಯುವ ಸಪ್ಪಳ ಇತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಅವನು ಎದ್ದು ಹೋಗಿ ಇಣುಕಿದ. ಅವಳು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ತಾಯಿ ಬಾಯಿಗೆ ಬೆರಳಿಟ್ಟು, ಬಿದ್ದಿಲ್ಲ, ಇಪ್ಪತ್ತೈದು ಆಯಿತು ಅಷ್ಟೇ ಎಂದು ಪಿಸುಗುಟ್ಟಿದಳು. ಅರ್ಧ ತಾಸಿನ ಮೇಲೆ ಸಪ್ಪಳ ಮತ್ತೆ ಶುರುವಾಯಿತು. ಸಂಜೆ ಲೋಬಾನದ ಹೊಗೆ ಬಂದಾಗ ಬಸವಣ್ಣೆಮ್ಮ ಸಾಸಿವೆಯನ್ನೇನೋ ಕೈಗೆ ತೆಗೆದುಕೊಂಡಳು, ಆದರೆ ಅದನ್ನು ಒಗ್ಗರಣೆಗೆ ಹಾಕಿದಳು.

ಊಟಕ್ಕೆ ಕೂತಾಗ ಕರಿಬಸಯ್ಯ ತಾಟು ನೋಡುತ್ತ ಕೇಳಿದ:

"ಹಂಗಾದ್ರ ಆರಾಮ ಆತು ಅನ್ನು, ತಂಗಿ?"

"ಇಲ್ರೀ ಭಾವಾರ. ಐತಿ ಅದು ಒಳಗ. ನಾ ಎಬ್ಬಸಾಂಗಿಲ್ಲ ಅಷ್ಟ. ಹೋದ ವರ್ಷ ನಲವತ್ತಕ್ಕ ಬೀಳತಿದ್ನೋ ಏನೋ, ಯಾರು ಎಣಿಸಿದ್ರು? ಈಗ ಐವತ್ತು ಐತಿ. ಬರೋ ವರ್ಷ ಐವತ್ತೈದು ಆದ್ರೂ ಆಗಬಹುದು."

ಅವನು ಪಾತ್ರೆ ಹೇರುವ ಮಾತನ್ನು ಆಡಲೂ ಇಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ತಾಯಿಗೆ ಹೇಳಿದ್ದು ಒಂದೇ: ಬಸವ ಜಯಂತಿಗೆ ಮನೆಯವರೆಲ್ಲ ಇಲ್ಲಿಗೇ ಬರುತ್ತೇವೆ, ಹೋಳಿಗೆಗೆ ಬೇಳೆ ನಾನು ತರುತ್ತೇನೆ, ಬೇಯಿಸುವವರನ್ನೂ ನಾನೇ ಕರೆತರುತ್ತೇನೆ.

ಬಸ್ಸು ಬಂದು ಬೇವಿನ ಕೆಳಗೆ ನಿಂತಿತು. ಅವನು ಹೆಗಲ ಮೇಲಿನ ಬಿಳಿ ಪಾವಡ ಬಿಡಿಸಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಸಿಂಧನೂರಿನವರಿಗೆ ಒಂದಿಪ್ಪತ್ತೈದು ಖಡಕ್ ರೊಟ್ಟಿ ಕಟ್ಟು ಎಂದ. ಗುರುಲಿಂಗಮ್ಮ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದಳು. ನಿನ್ನೆಯವು ಇಪ್ಪತ್ತಿದ್ದವು, ಮಂಗಳವಾರಕ್ಕೆ ನೂರು ಕೂಡಬೇಕು. ಹತ್ತು ಎಣಿಸಿ ಪಾವಡದಲ್ಲಿ ಇಟ್ಟಳು.

"ಇಷ್ಟ ಬರ್ತಾವ್ರೀ ಭಾವಾರ. ಈ ಹತ್ತು ತುಂಬಸಾಕ ಬುಧವಾರಕ್ಕ ಐದೈದರಂಗ ನನಗ ಇನ್ನ ಎರಡು ವಾರ ಬೇಕು."

ಹಿರಿಯ ಭಾವನಿಗೆ ಆ ಮನೆಯಲ್ಲಿ ಯಾರೂ ಆಗದು ಎಂದದ್ದಿಲ್ಲ. ಬಸವಣ್ಣೆಮ್ಮ ಒಲೆಯ ಕಡೆಯಿಂದ ತಲೆ ಎತ್ತಿದಳು. ಕರಿಬಸಯ್ಯ ಪಾವಡದ ನಾಲ್ಕು ಮೂಲೆ ಕೂಡಿಸಿ ಜೋಪಾನವಾಗಿ ಗಂಟು ಹಾಕಿದ, ರೊಟ್ಟಿ ಮುರಿಯಬಾರದೆಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಬಸ್ಸು ಹೋದ ಧೂಳು ಇನ್ನೂ ಇಳಿದಿರಲಿಲ್ಲ. ಗುರುಲಿಂಗಮ್ಮ ಹಿಟ್ಟು ನಾದಿ ಕೂತಳು. ಇಪ್ಪತ್ತೈದನೆಯ ರೊಟ್ಟಿ ಹಂಚಿನಿಂದ ಇಳಿದಾಗ ಪಟವಾರಿ ಬಾಗಿಲಲ್ಲಿ ಬಂದು ನಿಂತಿದ್ದ. ಅವಳು ಕೈ ತೊಳೆದು ಎದ್ದು ಚಾಪೆ ಬಿಡಿಸಿದಳು. ಅರ್ಧ ತಾಸು ಕೂರಬೇಕಾಗುತ್ತದೆ ಎಂದು ಅವನಿಗೆ ಹೇಳಿದವಳು ಗದ್ದೆಮ್ಮ.